ಒಂದು ಚೋಕಿನ ವೃತ್ತಾಂತ

ವಿಜಯಪುರದ ಗಾಂಧಿ ಚೌಕದ ಸುತ್ತಲಿನ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಚೋಕು ಬೇಕೆಂದು ಕೇಳಿದವನ ಮುಂದೆ ಅಂಗಡಿಯವರು ತೆಗೆದಿರಿಸುವುದು ಟ್ಯೂಬ್‌ಲೈಟಿನ ಚೋಕನ್ನೇ: ಕಬ್ಬಿಣದ ತಗಡುಗಳ ನಡುವೆ ತಂತಿಯನ್ನು ಸುತ್ತಿ, ಡಬ್ಬಿಯಲ್ಲಿ ಮುಚ್ಚಿದ, ಅಂಗೈ ತುಂಬುವ ಭಾರದ ವಸ್ತು. 40 ವ್ಯಾಟಿನ ದೀಪಕ್ಕೆ ಬೇಕಾದ ಆ ಚೋಕಿನ ಪ್ರೇರಕತ್ವವು ಒಂದು ಹೆನ್ರಿಗೂ ಮಿಗಿಲು. ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಮನೆಯ ವಿದ್ಯುತ್ತನ್ನು ಹದದಲ್ಲಿರಿಸುವುದು ಅದರ ಕರ್ತವ್ಯ. ನಾನು ಹದಿಹರೆಯದಿಂದ ಮೊದಲ್ಗೊಂಡು ಅರಸುತ್ತ ಬಂದ ಚೋಕು ಬೇರೊಂದು ಕುಲದ್ದು. ಕಿರುಬೆರಳಿಗಿಂತ ಚಿಕ್ಕದಾದ ಒಂದು ದಂಡದ ಮೇಲೆ ರೇಷ್ಮೆ ಹೊದಿಸಿದ ಸಪೂರ ತಾಮ್ರದ ತಂತಿಯನ್ನು ನಾಲ್ಕು ಬಿಲ್ಲೆಗಳಾಗಿ ಸುತ್ತಿದ, 2.5 ಮಿಲಿಹೆನ್ರಿಯ, ಹತ್ತಿಯಷ್ಟು ಹಗುರವಾದ ಆರ್. ಎಫ್. ಚೋಕು, ಎಂದರೆ ರೇಡಿಯೋ ಕಂಪನಗಳ ಚೋಕು, ಅದು. ಹೆಸರೊಂದೇ ಆದರೂ ಇವೆರಡಕ್ಕೂ ನಾನೂರು ಪಟ್ಟಿಗೂ ಮೀರಿದ ಅಂತರವುಂಟು. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಕೂರಿಸಲು ಬಾರದು. ಆ ಚಿಕ್ಕ ಚೋಕು ನಮ್ಮ ಊರಿನಲ್ಲಿ ದೊರೆಯುತ್ತಿರಲಿಲ್ಲವೆಂಬ ಕಾರಣದಿಂದಲೇ ನನಗೆ ರೇಡಿಯೋ ವಿದ್ಯೆ ದೊರೆಯಿತೆಂದು ಈಗ ಹಿಂದಿರುಗಿ ನೋಡಿದಾಗ ನಿಸ್ಸಂದೇಹವಾಗಿ ಹೇಳಬಲ್ಲೆ.

ಆಗಿನ್ನೂ ನಮ್ಮ ಊರಿನ ಹೆಸರು ಬಿಜಾಪುರವೆಂದೇ ಇದ್ದಿತು. ವಿಜಯಪುರವೆಂಬ ನಾಮಧೇಯವು ಸರಕಾರದ ಕಾಗದಗಳಲ್ಲಿ ಬಂದುದು 2014ರ ನವೆಂಬರ್ 1ರಂದು. ಅಲ್ಲಿಂದ ಪಶ್ಚಿಮಕ್ಕೆ ತಿಕೋಟಾದಲ್ಲಿ ನನ್ನ ಸೋದರಮಾವನ ಮನೆ. ನೈಋತ್ಯ ದಿಕ್ಕಿನ ಬಬಲೇಶ್ವರದಲ್ಲಿ ತಾಯಿಯ ಕಡೆಯ ಮತ್ತೊಂದು ಬಂಧುವರ್ಗ. ಈಗ ಎರಡೂ ತಾಲೂಕಿನ ಕೇಂದ್ರಗಳಾಗಿವೆ, ತಿಕೋಟಾದ ಸುತ್ತ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. 1960ರ ಆಸುಪಾಸಿನಲ್ಲಿ ಅವು ಬಿಳಿಜೋಳದ ಹೊಲಗಳ ನಡುವಣ ಮಣ್ಣಿನ ಮಾಳಿಗೆಗಳ ಊರುಗಳಾಗಿದ್ದವು. ವಿದ್ಯುತ್ತು ಇನ್ನೂ ಎಲ್ಲರ ಮನೆಯ ಹೊಸ್ತಿಲನ್ನು ದಾಟಿರಲಿಲ್ಲ. ರೇಡಿಯೋ ಇದ್ದ ಮನೆಯಲ್ಲಿ ಅದರ ಪಕ್ಕಕ್ಕೇ ಇಟ್ಟಿಗೆಯಂಥ ಒಣ ಬ್ಯಾಟರಿಯೊಂದು ಇರುತ್ತಿದ್ದಿತು. ವಾಲ್ವುಗಳ ತಂತುವನ್ನು ಕಾಯಿಸಲು ಒಂದೂವರೆ ವೋಲ್ಟು, ಅವುಗಳ ಆನೋಡಿಗೆ 90 ವೋಲ್ಟು, ಎರಡನ್ನೂ ಅದೇ ಒದಗಿಸಬೇಕು. ಅಂಚೆಕಚೇರಿಯಲ್ಲಿ ಹಣ ತುಂಬಿ ಪಡೆದ ಲೈಸೆನ್ಸಿನ ಪುಸ್ತಕವನ್ನು ಮನೆಯ ಯಜಮಾನರು ಹೊಲದ ಕಾಗದಪತ್ರಗಳೊಂದಿಗೆ ಪೆಟ್ಟಿಗೆಯಲ್ಲಿ ಕಾಪಾಡುತ್ತಿದ್ದರು. ಬ್ಯಾಟರಿಯು ತೀರಿತೆಂದರೆ ಬಿಜಾಪುರಕ್ಕೆ ಹೋಗಿ ಬರುವವರು ಹೊಸದನ್ನು ತರುವವರೆಗೂ ಮನೆಯಲ್ಲಿ ನಿಶ್ಶಬ್ದ. ಆದ್ದರಿಂದ ಯಾವ ಕಾರ್ಯಕ್ರಮವನ್ನು ಕೇಳಬೇಕು, ಯಾವುದನ್ನು ಬಿಡಬೇಕೆಂಬ ವಿವೇಚನೆಯು ಆ ಮನೆಗಳಲ್ಲಿ ಧಾನ್ಯವನ್ನು ಅಳೆಯುವ ವಿವೇಚನೆಗಿಂತ ಕಡಿಮೆಯದಾಗಿರಲಿಲ್ಲ.

ಅಂದಿನ ಕೇಳುಗರ ಪಾಲಿಗೆ ಧಾರವಾಡವೇ ಆಕಾಶದ ರಾಜಧಾನಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರ ಆಕಾಶವಾಣಿಯ ವಿಷಯವನ್ನು ನಾವು ಹಿರಿಯರ ಬಾಯಿಂದ ಕೇಳಿ ಬಲ್ಲೆವೇ ಹೊರತು ಅದರ ಕ್ಷೀಣವಾದ ಧ್ವನಿ ನಮ್ಮ ಸೀಮೆಯನ್ನು ಮುಟ್ಟಿದ್ದುದನ್ನು ನಾನು ಕೇಳಿಲ್ಲ. 1950ರ ಜನವರಿ 8ರಂದು ಧಾರವಾಡದ ನಿಲಯವು ಉದ್ಘಾಟನೆಯಾದಾಗ ನಮ್ಮ ಜಿಲ್ಲೆಯಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ರಾಜ್ಯಗಳು ಒಂದಾಗುವುದಕ್ಕೆ ಆರು ವರ್ಷ ಮೊದಲೇ ಕನ್ನಡದ ಕಿವಿಗಳು ಒಂದಾದುವೆಂದು ನನ್ನ ಸೋದರಮಾವ ಹೇಳುತ್ತಿದ್ದರು. ಮಲ್ಲಿಕಾರ್ಜುನ ಮನಸೂರರೂ ಬೇಂದ್ರೆಯವರೂ ಸಲಹೆಗಾರರಾಗಿ ದುಡಿದ ಆ ನಿಲಯದ ಸಂಗೀತವನ್ನೂ ಸಾಹಿತ್ಯವನ್ನೂ ತಿಕೋಟಾದ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತು ಕೇಳಿದವರಲ್ಲಿ ಅಕ್ಷರ ಬಲ್ಲವರು ಕೆಲವರೇ. ಆದರೂ ಆಲಾಪದ ನಡುವೆ ಯಾರೂ ಮಾತಾಡುತ್ತಿರಲಿಲ್ಲ. ರಾತ್ರಿಯಾದ ಮೇಲೆ ಕಿರುತರಂಗದ 25 ಮತ್ತು 41 ಮೀಟರುಗಳಲ್ಲಿ ರೇಡಿಯೋ ಸಿಲೋನು, 1957ರ ಅಕ್ಟೋಬರಿನಿಂದೀಚೆಗೆ ವಿವಿಧ ಭಾರತಿ. ಆ ಕಿರುತರಂಗವನ್ನು ನಾನೇ ಕಟ್ಟಿದ ಯಂತ್ರದಿಂದ ಹಿಡಿಯಬೇಕೆಂಬ ಹಂಬಲವು ನನ್ನಲ್ಲಿ ಮೂಡಿದುದು ಆ ಪಡಸಾಲೆಯಲ್ಲಿಯೇ.

ಬಿಜಾಪುರದಲ್ಲಿ ನಾನು ಶಾಲೆ ಬಿಟ್ಟ ಮೇಲೆ ಹೋಗಿ ಕೂಡುತ್ತಿದ್ದ ರಿಪೇರಿಯ ಅಂಗಡಿಯೊಂದಿದ್ದಿತು. ಅದರ ಯಜಮಾನರು ಮಿತಭಾಷಿಗಳು. ಕೇಳಿದುದಕ್ಕೆ ಉತ್ತರ ಹೇಳುವ ಬದಲು ಬೆಸುಗೆಯ ಕಬ್ಬಿಣವನ್ನು ಕೈಗೆ ಕೊಡುವುದು ಅವರ ಬೋಧನಕ್ರಮ. ಒಂದೇ ವಾಲ್ವಿನ ಯಂತ್ರವನ್ನು ಕಟ್ಟಬೇಕೆಂದಿರುವ ನನ್ನ ಇಚ್ಛೆಯನ್ನು ತಿಳಿದು, ಸಿಗರೇಟಿನ ಪೆಟ್ಟಿಗೆಯ ಹಿಂಬದಿಯಲ್ಲಿ ಅವರು ಬರೆದುಕೊಟ್ಟ ನಕ್ಷೆಯು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್‌ ಎಂಬ ತರುಣನು 1914ರಲ್ಲಿ ಪೇಟೆಂಟು ಪಡೆದ ಪುನರುತ್ಪಾದನೆಯ ಮಂಡಲವೇ ಎಂಬುದು ನನಗೆ ಎಷ್ಟೋ ವರ್ಷಗಳ ತರುವಾಯ ತಿಳಿಯಿತು. ಏರಿಯಲ್ಲಿನಿಂದ ಬಂದ ಅತ್ಯಲ್ಪ ಸಂಕೇತವನ್ನು ವಾಲ್ವು ಹಿಗ್ಗಿಸುತ್ತದೆ. ಹಿಗ್ಗಿದುದರಲ್ಲಿ ಒಂದಂಶವನ್ನು ಮತ್ತೆ ಮೊದಲಿನ ಕಾಯಿಲಿಗೇ ಹಿಂದಿರುಗಿಸಿದರೆ ಅದು ಪುನಃ ಹಿಗ್ಗುತ್ತದೆ. ಹೀಗೆ ಒಂದೇ ವಾಲ್ವು ಹಲವು ವಾಲ್ವುಗಳ ಕೆಲಸವನ್ನು ನಿರ್ವಹಿಸುತ್ತದೆ. ಆದರೆ ಆನೋಡಿನಲ್ಲಿ ಎರಡು ಪ್ರವಾಹಗಳು ಬೆರೆತಿರುತ್ತವೆ. ಒಂದು, ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುವ ರೇಡಿಯೋ ಪ್ರವಾಹ. ಮತ್ತೊಂದು, ಮನುಷ್ಯನ ಕಿವಿಗೆ ಕೇಳಿಸಬೇಕಾದ ಮಂದವಾದ ಧ್ವನಿಪ್ರವಾಹ. ಮೊದಲನೆಯದು ಹಿಂದಿರುಗಿ ಕಾಯಿಲಿಗೆ ಹೋಗಬೇಕು, ಎರಡನೆಯದು ಮುಂದುವರಿದು ಹೆಡ್‌ಫೋನಿಗೆ ಹೋಗಬೇಕು. ಈ ಕವಲಿನಲ್ಲಿ ನಿಂತು ಇಬ್ಬರನ್ನೂ ಬೇರ್ಪಡಿಸುವ ಅಧಿಕಾರಿಯೇ ಚೋಕು.

ಅದರ ನ್ಯಾಯವು ಅಂಕಗಣಿತದ ನ್ಯಾಯ. ಕಂಪನ ಹೆಚ್ಚಿದಷ್ಟೂ ಸುರುಳಿಯ ಅಡ್ಡಿ ಹೆಚ್ಚುತ್ತದೆ. 2.5 ಮಿಲಿಹೆನ್ರಿಯ ಚೋಕು ಸೆಕೆಂಡಿಗೆ 1,000 ಕಂಪನಗಳ ಧ್ವನಿಗೆ ಒಡ್ಡುವ ತಡೆ 16 ಓಮಿನ ಸಮೀಪ, ಅಂದರೆ ನಗಣ್ಯ. ಹತ್ತು ಲಕ್ಷ ಕಂಪನಗಳ ಮಧ್ಯಮತರಂಗಕ್ಕೆ 15,700 ಓಮು. 41 ಮೀಟರಿನ ಕಿರುತರಂಗಕ್ಕೆ, ಲೆಕ್ಕದ ಪ್ರಕಾರ, ಒಂದು ಲಕ್ಷಕ್ಕೂ ಮೀರಿ. ಚೋಕಿಲ್ಲದೆ ಮಂಡಲವನ್ನು ಕಟ್ಟಿದರೆ ರೇಡಿಯೋ ಪ್ರವಾಹವು ಹೆಡ್‌ಫೋನಿನ ತಂತಿಯುದ್ದಕ್ಕೂ ಹರಿದು, ಕೈಯನ್ನು ಹತ್ತಿರ ತಂದರೆ ಸಾಕು, ಯಂತ್ರ ಊಳಿಡುತ್ತದೆ. ಒಮ್ಮೊಮ್ಮೆ ಪುನರುತ್ಪಾದನೆಯೇ ಆರಂಭವಾಗುವುದಿಲ್ಲ. ಟ್ಯೂಬ್‌ಲೈಟಿನ ಚೋಕನ್ನು ಅಲ್ಲಿ ಹಾಕಿದರೇನಾಗುತ್ತದೆಂದು ನಾನು ಕೇಳಿದುದುಂಟು. ಅದರ ಒತ್ತೊತ್ತಾದ ಸುತ್ತುಗಳ ನಡುವಣ ಧಾರಕತ್ವವೇ ರೇಡಿಯೋ ಪ್ರವಾಹಕ್ಕೆ ಅಡ್ಡದಾರಿಯಾಗುತ್ತದೆಂದೂ, ತಡೆಯಬೇಕಾದುದನ್ನು ಅದು ಬಿಟ್ಟುಕೊಡುತ್ತದೆಂದೂ ಯಜಮಾನರು ತಿಳಿಸಿದರು. ಸುರುಳಿಯಲ್ಲಿ ತಂತಿ ಎಷ್ಟಿದೆ ಎಂಬುದಕ್ಕಿಂತ ಅದನ್ನು ಹೇಗೆ ಸುತ್ತಿದೆ ಎಂಬುದೇ ಮುಖ್ಯವೆಂಬ ಪಾಠವು ಅಂದು ನನಗಾಯಿತು.

ಕೊಂಡು ತರುವ ಮಾರ್ಗಗಳಿರಲಿಲ್ಲವೆಂದಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ರೇಡಿಯೋ ಬಿಡಿಭಾಗಗಳ ಅಂಗಡಿಗಳ ಸಾಲೇ ಇದ್ದಿತು. ಚೋರ್ ಬಜಾರಿನಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಸೇನೆಯು ವಿಲೇವಾರಿ ಮಾಡಿದ ಯಂತ್ರಗಳು ಕಿಲೋಗಳ ಲೆಕ್ಕದಲ್ಲಿ ಬಿಕರಿಯಾಗುತ್ತಿದ್ದವು, ಆ ಯಂತ್ರಗಳ ಹೊಟ್ಟೆಯಲ್ಲಿ ಪಿಂಗಾಣಿಯ ದಂಡದ ಮೇಲೆ ಸುತ್ತಿದ ಉತ್ಕೃಷ್ಟವಾದ ಚೋಕುಗಳಿರುತ್ತಿದ್ದವು. ಬೆಂಗಳೂರಿನ ಎಸ್. ಪಿ. ರಸ್ತೆಯ ಹೆಸರನ್ನೂ ಕೇಳಿದ್ದೆವು. ಆದರೆ ಮೀಟರ್‌ಗೇಜಿನ ಗಾಡಿಯಲ್ಲಿ ಸೊಲ್ಲಾಪುರದ ಕಡೆಗೆ ಹೋಗಿ, ಅಲ್ಲಿಂದ ಮುಂಬಯಿಯ ಗಾಡಿಯನ್ನು ಹಿಡಿಯುವಷ್ಟು ಹಣ ಶಾಲೆಯ ಹುಡುಗನ ಕಿಸೆಯಲ್ಲಿ ಎಲ್ಲಿಂದ ಬರಬೇಕು? ಯಜಮಾನರು ನನ್ನ ಮುಖವನ್ನು ನೋಡಿ, "ಮುಂಬಯಿಗೆ ಕಾಗದಾ ಬರದ್ರ ತಿಂಗಳಾದ ಮ್ಯಾಲ ಬರ್ತದ ತಮ್ಮಾ, ಕೈಲೇ ಸುತ್ತಿದ್ರ ಸಂಜೀತನಾ ಆಗ್ತದ" ಎಂದರು. ಅಲ್ಲಿಂದಾಚೆಗೆ ನಾನು ಅಂಗಡಿಗಳಲ್ಲಿ ಕೇಳುವುದನ್ನು ಬಿಟ್ಟೆ.

ಅವರು ತೋರಿಸಿದ ಮೊದಲ ಉಪಾಯವು ಕೆಟ್ಟ ಯಂತ್ರಗಳಿಂದ ಸುರುಳಿಯನ್ನು ಬಿಡಿಸಿಕೊಳ್ಳುವುದು. ಪ್ರತಿಯೊಂದು ಸೂಪರ್‌ಹೆಟ್ ರೇಡಿಯೋದಲ್ಲಿಯೂ ಅಲ್ಯೂಮಿನಿಯಮ್ಮಿನ ಎರಡು ಡಬ್ಬಿಗಳಿರುತ್ತವೆ; ಮೆಕ್ಯಾನಿಕ್ಕುಗಳು ಅವುಗಳನ್ನು ಐ. ಎಫ್. ಡಬ್ಬಿಗಳೆಂದು ಕರೆಯುವರು. ಒಂದೊಂದು ಡಬ್ಬಿಯಲ್ಲಿ ಎರಡು ಸುರುಳಿಗಳು, 455 ಕಿಲೋಸೈಕಲ್ಲಿಗೆ ಹೊಂದಿಸಲ್ಪಟ್ಟವು. ಜೊತೆಯಲ್ಲಿ 110 ಪಿಕೋಫ್ಯಾರಡಿನ ಆಸುಪಾಸಿನ ಅಭ್ರಕದ ಕಂಡೆನ್ಸರು ಇದ್ದರೆ ಸುರುಳಿಯ ಪ್ರೇರಕತ್ವ ಸುಮಾರು 1.1 ಮಿಲಿಹೆನ್ರಿ ಇರಲೇಬೇಕೆಂದು ಲೆಕ್ಕವೇ ಹೇಳುತ್ತದೆ. ಎರಡನ್ನೂ ಸರಣಿಯಲ್ಲಿ ಕೂಡಿಸಿದರೆ 2.2, ಬೇಕಾದ ಅಂಕಕ್ಕೆ ತೀರ ಸಮೀಪ. ಡಬ್ಬಿಯ ಕಿವಿಗಳನ್ನು ಮೆಲ್ಲನೆ ಸಡಿಲಿಸಿ, ಕೂದಲಿಗಿಂತಲೂ ಸಪೂರವಾದ ಹಲವು ಎಳೆಗಳ ಲಿಟ್ಜ್ ತಂತಿಯ ತುದಿಗಳನ್ನು ಕಡಿಯದಂತೆ ಬಿಡಿಸಿ, ಒಳಗಣ ಕಬ್ಬಿಣಪುಡಿಯ ತಿರುಪನ್ನು ಮೊದಲಿದ್ದ ಸ್ಥಾನದಲ್ಲಿಯೇ ಉಳಿಸಿಕೊಳ್ಳಬೇಕು. ತಿರುಪನ್ನು ತೆಗೆದರೆ ಪ್ರೇರಕತ್ವ ಕುಗ್ಗುತ್ತದೆ. ಹೀಗೆ ಸತ್ತ ಯಂತ್ರದ ಅವಯವವು ಬದುಕುವ ಯಂತ್ರಕ್ಕೆ ಸಲ್ಲುತ್ತಿದ್ದಿತು.

ಎರಡನೆಯ ಉಪಾಯವು ಸ್ವತಃ ಸುತ್ತುವುದು. ಇದಕ್ಕಾಗಿ ನಾನು ಬಬಲೇಶ್ವರಕ್ಕೆ ಹೋದೆ. ಅಲ್ಲಿ ನಮ್ಮ ಬಂಧುಗಳ ಮನೆಯ ಪಕ್ಕದಲ್ಲಿ ಚಕ್ಕಡಿಗಳನ್ನೂ ಕೂರಿಗೆಗಳನ್ನೂ ಮಾಡುವ ಬಡಿಗರೊಬ್ಬರಿದ್ದರು. ಬೀಜವು ಸಮಾನಾಂತರದಲ್ಲಿ ಬೀಳುವಂತೆ ಕೂರಿಗೆಯ ಬಟ್ಟಲಿನ ತೂತುಗಳನ್ನು ಕೊರೆಯಬಲ್ಲವರ ಕೈಗೆ ಅಂಗುಲದ ಎಂಟನೆಯ ಒಂದಂಶವೆಂಬುದು ದುರ್ಗಮವಾದ ಅಳತೆಯಲ್ಲ. ಸುರುಳಿ ಸುತ್ತುವ ಯಂತ್ರದ ಜೀವವು ಕ್ಯಾಮು ಎಂಬ ಓರೆಯಾದ ಬಿಲ್ಲೆಯಲ್ಲಿದೆ. ಹಿಡಿಕೆಯನ್ನು ತಿರುಗಿಸಿದಾಗ ದಂಡವು ಸುತ್ತುತ್ತದೆ, ಜೊತೆಗೆ ಕ್ಯಾಮು ಸುತ್ತುತ್ತ ತಂತಿಯ ಮಾರ್ಗದರ್ಶಿಯನ್ನು ಅಂಗುಲದ ಎಂಟನೆಯ ಒಂದಂಶದಷ್ಟು ಅತ್ತಿತ್ತ ಒಯ್ಯುತ್ತದೆ. ದಂಡ ಒಂದು ಸುತ್ತು ಬರುವಷ್ಟರಲ್ಲಿ ಕ್ಯಾಮೂ ಸರಿಯಾಗಿ ಒಂದು ಸುತ್ತು ಬಂದರೆ ತಂತಿಯು ತನ್ನ ಮೇಲೆ ತಾನೇ ಬಿದ್ದು ಗೋಡೆಯಾಗಿಬಿಡುತ್ತದೆ. ಆದ್ದರಿಂದ ಎರಡು ಹಲ್ಲುಚಕ್ರಗಳಲ್ಲಿ ಒಂದಕ್ಕೆ ಒಂದು ಹಲ್ಲು ಹೆಚ್ಚಿರಬೇಕು. ಆ ಒಂದು ಹಲ್ಲಿನ ಅಂತರದಿಂದಾಗಿ ಪ್ರತಿಯೊಂದು ಸುತ್ತೂ ಹಿಂದಿನದರ ಪಕ್ಕಕ್ಕೆ ತುಸು ಸರಿದು ಕೂಡುತ್ತದೆ, ಹೊರಸಿನ ನುಲಿಯಂತೆ ಎಳೆಯ ಮೇಲೆ ಎಳೆ ಓರೆಯಾಗಿ ಹಾಯ್ದು ನಡುವೆ ಗಾಳಿಗೆ ಎಡೆಯಿರುವ ಜಾಲವಾಗುತ್ತದೆ. ಬಡಿಗರು ಬೀಟೆಯ ತುಂಡಿನಲ್ಲಿ ಕ್ಯಾಮನ್ನು ಕೆತ್ತಿ, ಅರದಿಂದ ಉಜ್ಜಿ, ಅಂಗೈಯ ಮೇಲೆ ಉರುಳಿಸಿ ನೋಡಿ, ಎಲ್ಲಿಯೂ ತಡೆಯಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೊಟ್ಟರು. ಹಲ್ಲುಚಕ್ರಗಳು ಗುಜರಿಯಿಂದ ಬಂದವು. ದುಡ್ಡಿನ ಮಾತೆತ್ತಿದಾಗ, ಯಂತ್ರ ಹಾಡಿದ ದಿನ ಬಂದು ಕೇಳಿಸಬೇಕೆಂದಷ್ಟೇ ಅವರು ಹೇಳಿದರು.

ತಂತಿ 38ನೆಯ ಗೇಜಿನದು, ಎನಾಮಲ್ ಲೇಪದ್ದು. ಮೋಟಾರು ರಿವೈಂಡ್ ಮಾಡುವವರ ಹತ್ತಿರ ಉಂಡೆಗಳ ಕೊನೆಯಲ್ಲಿ ಉಳಿದುದು ಸಿಗುತ್ತಿದ್ದಿತು. ರೇಷ್ಮೆ ಹೊದಿಸಿದ ತಂತಿಯು ದೊರೆಯದ ಕಾರಣ ಯಜಮಾನರು ಹೇಳಿಕೊಟ್ಟ ಕ್ರಮವು ಇಂದಿಗೂ ನನಗೆ ಶ್ಲಾಘ್ಯವಾಗಿ ತೋರುತ್ತದೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಎರಡೂ ಆಗ ನಮ್ಮ ಜಿಲ್ಲೆಯವೇ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ಅತ್ತ ಹೋದವು. ಆ ಮಗ್ಗಗಳ ಕಡೆಯಿಂದ ಬಂದ ರೇಷ್ಮೆಯ ಎಳೆಯೊಂದನ್ನು ತಂತಿಯೊಡನೆ ಜೋಡಿಯಾಗಿ ಮಾರ್ಗದರ್ಶಿಯ ಕಿಂಡಿಯಲ್ಲಿ ಪೋಣಿಸಿ, ಎರಡನ್ನೂ ಕೂಡಿಯೇ ಸುತ್ತುವುದು. ರೇಷ್ಮೆಯು ತಂತಿ ಜಾರದಂತೆ ಹಿಡಿದಿಡುತ್ತದೆ, ಎಳೆ ಎಳೆಯ ನಡುವೆ ಅಂತರವನ್ನು ಕಾಯುತ್ತದೆ, ಅದರಿಂದ ಧಾರಕತ್ವ ಇಳಿಯುತ್ತದೆ. ಈ ಅಡ್ಡಸುತ್ತಿನ ಯಂತ್ರವು ಮೊದಲು ಹುಟ್ಟಿದುದು ರೇಡಿಯೋಗಾಗಿ ಅಲ್ಲ, ನೂಲಿಗಾಗಿ. ಅಮೆರಿಕದ ಬಟ್ಟೆಗಿರಣಿಗಳಲ್ಲಿ ನೂಲಿನ ಉಂಡೆಗಳು ಕುಸಿಯದಂತೆ ಸುತ್ತಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಯಂತ್ರವನ್ನೇ ರೇಡಿಯೋ ನಿರ್ಮಾಪಕರು ಎರವಲು ಪಡೆದರೆಂದು ಆಮೇಲೆ ಓದಿದೆ. ನೇಕಾರನ ವಿದ್ಯೆಯಿಂದ ಹುಟ್ಟಿದ ಸುರುಳಿಗೆ ನೇಕಾರನ ರೇಷ್ಮೆಯೇ ನಮ್ಮಲ್ಲಿ ಒದಗಿದುದು ಉಚಿತವಾಗಿಯೇ ಇದ್ದಿತು.

ಒಂದೊಂದು ಬಿಲ್ಲೆಗೆ 180ರ ಸಮೀಪದ ಸುತ್ತುಗಳು, ಅಂಥ ನಾಲ್ಕು ಬಿಲ್ಲೆಗಳು, ಒಟ್ಟು ತಂತಿ 35 ಮೀಟರಿನಷ್ಟು. ಒಂದೇ ರಾಶಿಯಾಗಿ ಸುತ್ತದೆ ನಾಲ್ಕಾಗಿ ಒಡೆಯುವುದರ ಉದ್ದೇಶವೂ ಧಾರಕತ್ವವನ್ನು ತಗ್ಗಿಸುವುದೇ. ದಂಡಕ್ಕೆ ಒಣಗಿದ ಬಿದಿರಿನ ತುಂಡು. ಅದನ್ನು ಮೊದಲು ಜೇನುಮೇಣದಲ್ಲಿ ಕುದಿಸಬೇಕು. ಸುತ್ತಿದ ತರುವಾಯ ಇಡೀ ಚೋಕನ್ನು ಮತ್ತೆ ಕರಗಿದ ಮೇಣದಲ್ಲಿ ಇಳಿಬಿಟ್ಟರೆ ರೇಷ್ಮೆಯ ಸಂದುಗಳಿಂದ ಸೂಜಿಮೊನೆಯಂಥ ಗುಳ್ಳೆಗಳು ಸಾಲಾಗಿ ಏಳುತ್ತವೆ; ಅದು ಒಳಗಿನ ತೇವ. ಗುಳ್ಳೆಗಳು ನಿಂತ ಬಳಿಕ ತೆಗೆದು, ತೂಗುಹಾಕಿ ಆರಿಸಬೇಕು. ಕಡಲ ಕಡೆಯಿಂದ ಬಂದ ಯಂತ್ರಗಳಲ್ಲಿ ಮೇಣ ಸರಿಯಾಗಿ ಹಿಡಿಯದ ಚೋಕುಗಳ ತಂತಿಯು ಹಸುರುಗಟ್ಟಿ ತುಂಡಾಗಿರುವುದನ್ನು ನಾನು ಬಹಳವಾಗಿ ಕಂಡಿದ್ದೇನೆ. ನಮ್ಮ ಸೀಮೆಯ ಅಲ್ಪವೃಷ್ಟಿಯನ್ನು ರೈತನು ಶಪಿಸಬಹುದು. ತಾಮ್ರದ ತಂತಿಗೆ ಆ ಒಣಹವೆಯು ವರವಾಗಿದೆ. ಆರಿದ ಚೋಕಿನ ಎರಡು ತುದಿಗಳಿಗೆ ಮೀಟರನ್ನು ಹಿಡಿದು ಮೂವತ್ತು ನಲವತ್ತು ಓಮು ತೋರಿಸಿದರೆ ತಂತಿಯು ಅಖಂಡವಾಗಿದೆಯೆಂದರ್ಥ.

ಆದರೆ ತಂತಿ ಅಖಂಡವಾಗಿದ್ದ ಮಾತ್ರಕ್ಕೆ ಚೋಕು ಸಮರ್ಥವೆಂದಾಗುವುದಿಲ್ಲ. ನಾಲ್ಕೂ ಬಿಲ್ಲೆಗಳು ಒಂದೇ ಗಾತ್ರದವಾಗಿದ್ದ ಚೋಕೊಂದರಲ್ಲಿ ನಾವು ಈ ವಿಚಿತ್ರವನ್ನು ಕಂಡೆವು: 25 ಮೀಟರು ಚೆನ್ನಾಗಿ ಬರುತ್ತಿದ್ದಿತು, 41 ಮೀಟರೂ ಬರುತ್ತಿದ್ದಿತು, ಆದರೆ ನಡುವೆ 31 ಮೀಟರಿನ ಹತ್ತಿರ ಒಂದೆಡೆ ಪುನರುತ್ಪಾದನೆಯು ನಿಂತು ಯಂತ್ರ ಮೂಕವಾಗುತ್ತಿದ್ದಿತು. ಚೋಕಿನ ಬಿಲ್ಲೆಗಳೂ ಅವುಗಳ ಧಾರಕತ್ವವೂ ಕೂಡಿ ಒಂದು ನಿರ್ದಿಷ್ಟ ಕಂಪನಕ್ಕೆ ಅನುರಣಿಸುವಾಗ, ಎಲ್ಲವನ್ನೂ ತಡೆಯಬೇಕಾದ ಚೋಕು ಅದೊಂದನ್ನು ನಿರಾತಂಕವಾಗಿ ಬಿಟ್ಟುಬಿಡುತ್ತದೆ. ಇದಕ್ಕೆ ಪರಿಹಾರವೆಂದರೆ ಬಿಲ್ಲೆಗಳನ್ನು ಬೇರೆ ಬೇರೆ ಗಾತ್ರದಲ್ಲಿ ಸುತ್ತಿ, ಅವುಗಳ ಅಂತರವನ್ನೂ ಬದಲಿಸಿ, ಅತಿ ಚಿಕ್ಕದಾದುದನ್ನು ಆನೋಡಿನ ಕಡೆಗೆ ಇರಿಸುವುದು. ಹಾಗೆ ಮಾಡಿದಾಗ ಮೌನದ ಆ ಜಾಗವು ನಾವು ಕೇಳುವ ಬ್ಯಾಂಡುಗಳಿಂದ ಆಚೆಗೆ ಹೋಯಿತು. ಯಂತ್ರ ಹಾಡಿದ ರಾತ್ರಿ ಅದನ್ನು ಬಬಲೇಶ್ವರಕ್ಕೆ ಒಯ್ದು, ಮಾಳಿಗೆಯ ಮೇಲಿನಿಂದ ಬೇವಿನ ಮರಕ್ಕೆ ಏರಿಯಲ್ ತಂತಿಯನ್ನು ಕಟ್ಟಿ, ಹೆಡ್‌ಫೋನನ್ನು ಬಡಿಗರ ಕಿವಿಗೆ ಇಟ್ಟೆನು. ಸಿಲೋನಿನ ಹಾಡು ಮುಗಿಯುವವರೆಗೂ ಅವರು ಕಣ್ಣು ಮುಚ್ಚಿ ಕುಳಿತಿದ್ದರು. ಮುಗಿದ ಮೇಲೆ, ಕ್ಯಾಮು ಸವೆದಿದ್ದರೆ ತರಬೇಕೆಂದರು.

ಅಳತೆಯ ಉಪಕರಣಗಳಿಲ್ಲದ ಊರಿನಲ್ಲಿ ಪ್ರೇರಕತ್ವವನ್ನು ಅಳೆಯುವ ಬಗೆಯೊಂದನ್ನು ನಾನು ಮುಂದೆ ವಿಜ್ಞಾನದ ಶಿಕ್ಷಕನಾದ ಮೇಲೆ ರೂಢಿಸಿಕೊಂಡೆ. ಧಾರವಾಡದ ಮಧ್ಯಮತರಂಗವು 765 ಕಿಲೋಹರ್ಟ್ಸಿನಲ್ಲಿ ಪ್ರಸಾರವಾಗತೊಡಗಿದ್ದ ಕಾಲ ಅದು. ಸುಮಾರು 200 ಕಿಲೋಮೀಟರಿನಾಚೆಯ ಆ ನಿಲಯವನ್ನು ರೇಡಿಯೋದಲ್ಲಿ ಹಿಡಿದು, ಒಂದು ಬಿಲ್ಲೆಯನ್ನು ಗ್ಯಾಂಗ್ ಕಂಡೆನ್ಸರಿಗೆ ಜೋಡಿಸಿ ಏರಿಯಲ್ ಕಾಯಿಲಿನ ಸಮೀಪಕ್ಕೆ ತಂದು, ಕಂಡೆನ್ಸರನ್ನು ನಿಧಾನವಾಗಿ ತಿರುಗಿಸಿದರೆ ಒಂದೆಡೆ ಧಾರವಾಡದ ಧ್ವನಿಯು ಹಠಾತ್ತನೆ ಬಾಗುತ್ತದೆ. ಆಗ ಕಂಡೆನ್ಸರು 96 ಪಿಕೋಫ್ಯಾರಡಿನ ಸಮೀಪದಲ್ಲಿದ್ದರೆ ಬಿಲ್ಲೆಯು 0.45 ಮಿಲಿಹೆನ್ರಿ, ಬಿಲ್ಲೆಗಳ ಪರಸ್ಪರ ಪ್ರೇರಣೆಯೂ ಸೇರಿ ನಾಲ್ಕು ಕೂಡಿದರೆ ಬೇಕಾದ ಚೋಕು. ಸಂಗೀತವನ್ನೂ ಕೃಷಿಯ ಮಾತುಗಳನ್ನೂ ನಮಗೆ ಕೊಟ್ಟ ನಿಲಯವು ಅಳತೆಗೋಲನ್ನೂ ಕೊಟ್ಟಿತು. ನನ್ನ ತರಗತಿಯ ಮಕ್ಕಳಿಗೆ ಅನುರಣನದ ಪಾಠವನ್ನು ನಾನು ಹೀಗೆಯೇ ಮಾಡುತ್ತಿದ್ದೆ. ಸೂತ್ರವನ್ನು ಮರೆತವರೂ ಆ ಧ್ವನಿ ಬಾಗಿದುದನ್ನು ಮರೆತಿಲ್ಲ.

ನಿವೃತ್ತನಾದ ಮೇಲೆ ಹಳೆಯ ರೇಡಿಯೋಗಳನ್ನು ದುರಸ್ತಿ ಮಾಡುವುದೇ ನನ್ನ ವ್ಯಾಸಂಗ. ಮರ್ಫಿ, ಫಿಲಿಪ್ಸ್, ಬುಷ್, ನ್ಯಾಷನಲ್ ಎಕೋ ಮೊದಲಾದ ಪೆಟ್ಟಿಗೆಗಳು ಇಂದಿಗೂ ನಮ್ಮ ಹಳ್ಳಿಗಳ ಅಟ್ಟಗಳಿಂದ ಇಳಿದು ಬರುತ್ತವೆ. ಆರು ವೋಲ್ಟಿನ ಕಾರಿನ ಬ್ಯಾಟರಿಯಿಂದ ವೈಬ್ರೇಟರಿನ ಮೂಲಕ ನಡೆಯುತ್ತಿದ್ದ ಯಂತ್ರವೊಂದು ತಿಕೋಟಾದ ಕಡೆಯಿಂದ ಬಂದಾಗ ಚೋಕಿನ ಇನ್ನೊಂದು ಬಗೆಯನ್ನು ಸುತ್ತಬೇಕಾಯಿತು: ವೈಬ್ರೇಟರಿನ ಕಿಡಿಗಳ ಕರಕರ ಶಬ್ದವು ವಾಲ್ವಿನ ಕಡೆಗೆ ನುಗ್ಗದಂತೆ ದಪ್ಪ ತಂತಿಯ ಕೆಲವೇ ಸುತ್ತುಗಳ ಚೋಕು. ಸಪೂರ ತಂತಿಯ ಚೋಕು ಅಲ್ಲಿ ಸಲ್ಲದು, ಆ ಪ್ರವಾಹಕ್ಕೆ ಅದು ಕಾಯ್ದು ಬೆಂದುಹೋಗುತ್ತದೆ. ಈಗ ಅಂಚೆಯ ಮೂಲಕ ಬರುವ, ರೆಸಿಸ್ಟರಿನಂತೆ ಕಾಣುವ ಸಿದ್ಧ ಚೋಕುಗಳೂ ಉಂಟು; ಕೆಂಪು, ಕೆಂಪು, ಕೆಂಪು ಎಂಬ ಮೂರು ಪಟ್ಟಿಗಳಿದ್ದರೆ 2,200 ಮೈಕ್ರೋಹೆನ್ರಿ. ಮಧ್ಯಮತರಂಗದ ಸಣ್ಣ ಯಂತ್ರಗಳಿಗೆ ಅವು ನಡೆದಾವು. ಕಿರುತರಂಗಕ್ಕೆ ಬರುವಷ್ಟರಲ್ಲಿ ಅವುಗಳ ಫೆರೈಟಿನ ಮೇಲಣ ಒತ್ತುಸುತ್ತು ಕೈಕೊಡುತ್ತದೆ. ಸುಟ್ಟ ಸಿ. ಎಫ್. ಎಲ್. ದೀಪದ ಬುಡದಲ್ಲಿ ಸಿಗುವ ಚೋಕೂ ಎರಡು ಮೂರು ಮಿಲಿಹೆನ್ರಿಯದೇ. ಆದರೆ ಅದು ಸೆಕೆಂಡಿಗೆ ನಲವತ್ತು ಸಾವಿರದ ಆಸುಪಾಸಿನ ಕಂಪನಕ್ಕಾಗಿ ನಿರ್ಮಿತವಾದುದು. ಅಂಕವೊಂದೇ ಆದರೆ ವಸ್ತುವೊಂದೇ ಎಂದು ತಿಳಿಯುವವರಿಗೆ ಯಂತ್ರವು ಬೇಗನೆ ಪಾಠ ಕಲಿಸುತ್ತದೆ. ಆದ್ದರಿಂದ ಬೀಟೆಯ ಆ ಕ್ಯಾಮಿಗೆ ನನ್ನ ಮನೆಯಲ್ಲಿ ಇನ್ನೂ ಕೆಲಸ ತಪ್ಪಿಲ್ಲ.

ಹಳೆಯ ರೇಡಿಯೋವನ್ನು ಒರೆಸಿ, ಪಾಲಿಶು ಹಾಕಿ, ಕಪಾಟಿನಲ್ಲಿ ಅಲಂಕಾರಕ್ಕಿಡುವವರ ಸಂಖ್ಯೆ ಈಚೆಗೆ ಬೆಳೆಯುತ್ತಿದೆ. ಅದು ಸಂತೋಷದ ವಿಷಯವೇ. ಆದರೆ ಹಾಡದ ರೇಡಿಯೋ ಮರದ ಪೆಟ್ಟಿಗೆ ಮಾತ್ರ. ಅದನ್ನು ಹಾಡಿಸುವ ವಿದ್ಯೆಯು ಪೆಟ್ಟಿಗೆಗಿಂತ ಬೇಗನೆ ನಶಿಸುತ್ತದೆ, ಏಕೆಂದರೆ ಅದು ಕೈಯಿಂದ ಕೈಗೆ ದಾಟಬೇಕಾದುದು. ನಿಮ್ಮ ಅಟ್ಟದಲ್ಲಿ ಮುರಿದ ರೇಡಿಯೋ ಇದ್ದರೆ ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಅದರ ಐ. ಎಫ್. ಡಬ್ಬಿಗಳನ್ನೂ ಕಾಯಿಲುಗಳನ್ನೂ ಬಿಚ್ಚಿ ಎತ್ತಿಡಿ. ನಿಮ್ಮ ಊರಿನ ಶಾಲೆಯಲ್ಲಿ ಕುತೂಹಲವುಳ್ಳ ಹುಡುಗನೋ ಹುಡುಗಿಯೋ ಇದ್ದರೆ ಅವರಿಗೆ ಕೊಡಿ. ಒಂದು ಚೋಕನ್ನಾದರೂ ಅವರ ಕೈಯಿಂದಲೇ ಸುತ್ತಿಸಿ. ತಂತಿ, ರೇಷ್ಮೆ, ಮೇಣ, ಬಿದಿರು ಇವಿಷ್ಟೂ ನಮ್ಮ ಜಿಲ್ಲೆಯಲ್ಲಿ ಇಂದಿಗೂ ದೊರೆಯುತ್ತವೆ.